ಮೊದಲ ಪಾಯ್ದಾನ್ ಯಾರಿಗೆ?

ನಮ್ಮ ಮನೆಯಲ್ಲಿ ಒಂದು ಜಗಳ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಅದು ಆಸ್ತಿಯ ಜಗಳವಲ್ಲ. ಅರವತ್ತರ ದಶಕದ ಅತ್ಯುತ್ತಮ ಹಿಂದಿ ಚಿತ್ರಗೀತೆ ಯಾವುದು ಎಂಬುದು ವಿಷಯ. ವಾದಿ ನನ್ನ ಅಬ್ಬಾ, ಭದ್ರಾವತಿಯ ಉರ್ದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಪ್ರತಿವಾದಿ ಅವರ ತಂಗಿ, ನನ್ನ ಫೂಫಿ. ಏಳನೇ ತರಗತಿಗೆ ಶಾಲೆ ಬಿಡಿಸಲ್ಪಟ್ಟವರು.

ಅಬ್ಬಾ ಪ್ರಕಾರ ಅದು 1964ರ ‘ಚಿತ್ರಲೇಖಾ’ ಚಿತ್ರಕ್ಕೆ ಸಾಹಿರ್ ಲುಧಿಯಾನ್ವಿ ಬರೆದು, ರೋಶನ್ ರಾಗ ಹಾಕಿದ, ಮನಸ್ಸಿಗೆ ಧೈರ್ಯ ಹೇಳುವ ಹಾಡು. ಫೂಫಿಯ ಪ್ರಕಾರ 1966ರ ‘ಸೂರಜ್’ ಚಿತ್ರದಲ್ಲಿ ವಸಂತವನ್ನು ಕರೆದು ಹೂ ಸುರಿಸಲು ಹೇಳುವ ಹಾಡು. ಹಸ್ರತ್ ಜೈಪುರಿಯವರ ಸಾಹಿತ್ಯ, ಶಂಕರ್-ಜೈಕಿಶನ್ ಅವರ ಸಂಗೀತ. ತಮಾಷೆಯೆಂದರೆ ಎರಡನ್ನೂ ಹಾಡಿದವರು ಮುಹಮ್ಮದ್ ರಫಿ. ವಾದಿ ಪ್ರತಿವಾದಿ ಇಬ್ಬರೂ ಒಬ್ಬರೇ ವಕೀಲರನ್ನು ಹಿಡಿದಿದ್ದರು.

ಇದು ನಮ್ಮ ಮನೆಯ ಹುಚ್ಚು ಎಂದೇ ನಾನು ಬಹುಕಾಲ ತಿಳಿದಿದ್ದೆ. ದೇಶವಿಡೀ ಇದೇ ಜಗಳ ನಡೆಯುತ್ತಿತ್ತು ಎಂದು ಗೊತ್ತಾದದ್ದು 2006ರಲ್ಲಿ. ‘ಔಟ್‌ಲುಕ್’ ವಾರಪತ್ರಿಕೆ ಆ ವರ್ಷ ಸಂಗೀತ ಕ್ಷೇತ್ರದ ಮೂವತ್ತು ಜನರನ್ನು ಕೇಳಿ ಹಿಂದಿ ಚಿತ್ರಗೀತೆಗಳ ಸಾರ್ವಕಾಲಿಕ ಶ್ರೇಷ್ಠ ಪಟ್ಟಿಯೊಂದನ್ನು ಪ್ರಕಟಿಸಿತು. ತೀರ್ಪುಗಾರರಲ್ಲಿ ಗುಲ್ಝಾರ್, ಜಾವೇದ್ ಅಖ್ತರ್, ಖಯ್ಯಾಮ್, ಮನ್ನಾ ಡೇ ಅವರಂಥ ಹಿರಿಯರಿದ್ದರು. ಮೊದಲ ಸ್ಥಾನ ‘ಚಿತ್ರಲೇಖಾ’ದ ಹಾಡಿಗೆ. ಎರಡನೆಯ ಸ್ಥಾನವನ್ನು ಹಂಚಿಕೊಂಡ ಹಾಡುಗಳಲ್ಲಿ ಎರಡು 1965ರ ‘ಗೈಡ್’ ಚಿತ್ರದವು, ಅವೂ ರಫಿಯವರವೇ. ಅಬ್ಬಾ ಆ ಪುಟವನ್ನು ಕತ್ತರಿಸಿ ಡೈರಿಯಲ್ಲಿಟ್ಟುಕೊಂಡರು. ಫೂಫಿ ಬಂದಾಗಲೆಲ್ಲ ಅದು ಹೊರಬರುತ್ತಿತ್ತು.

ಏಳು ವರ್ಷಗಳ ನಂತರ, 2013ರಲ್ಲಿ, ಭಾರತೀಯ ಸಿನಿಮಾದ ನೂರು ವರ್ಷದ ನೆಪದಲ್ಲಿ ಬಿಬಿಸಿಯ ಏಷ್ಯನ್ ನೆಟ್‌ವರ್ಕ್ ಬ್ರಿಟನ್ನಿನಲ್ಲಿರುವ ತನ್ನ ಕೇಳುಗರಿಂದ ಮತ ಕೇಳಿತು. ನೂರು ವರ್ಷಗಳ ಹಿಂದಿ ಹಾಡುಗಳಲ್ಲಿ ಮೊದಲ ಸ್ಥಾನ ಬಂದದ್ದು ‘ಸೂರಜ್’ ಹಾಡಿಗೆ.

ಬಲ್ಲವರನ್ನು ಕೇಳಿದರೆ ಒಂದು ಉತ್ತರ, ಕೇಳುಗರನ್ನು ಕೇಳಿದರೆ ಇನ್ನೊಂದು. ಹಾಡುಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವ ಈ ಚಾಳಿ ನಮ್ಮಲ್ಲಿ ಹೇಗೆ ಶುರುವಾಯಿತು, ಅಂಕ ಕೊಡುವ ಹಕ್ಕು ಯಾರದಾಗಿತ್ತು ಎಂದು ಹುಡುಕುತ್ತ ಹೋದರೆ 1952ಕ್ಕೆ ಬಂದು ನಿಲ್ಲುತ್ತೇವೆ.

ಆ ವರ್ಷ ಡಾ. ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಹತ್ತು ವರ್ಷ ಆ ಕುರ್ಚಿಯಲ್ಲಿದ್ದರು. ಶಾಸ್ತ್ರೀಯ ಸಂಗೀತಕ್ಕೆ ಅವರು ಮಾಡಿದ ಉಪಕಾರ ಸಣ್ಣದಲ್ಲ. ರಾಜರ ಆಶ್ರಯ ತಪ್ಪಿ ಕಂಗಾಲಾಗಿದ್ದ ಎಷ್ಟೋ ಉಸ್ತಾದರಿಗೆ, ಪಂಡಿತರಿಗೆ ಆಕಾಶವಾಣಿ ಅನ್ನದ ದಾರಿಯಾಯಿತು. 1954ರಲ್ಲಿ ಶುರುವಾದ ರೇಡಿಯೋ ಸಂಗೀತ ಸಮ್ಮೇಳನಗಳಿಂದ ಹಳ್ಳಿಯ ಮನುಷ್ಯನಿಗೂ ದೊಡ್ಡವರ ಗಾಯನ ಕೇಳುವ ಅವಕಾಶ ಸಿಕ್ಕಿತು. ಆದರೆ ಚಿತ್ರಗೀತೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಅದು ಅಗ್ಗದ್ದು, ಪಾಶ್ಚಾತ್ಯ ಕಲಬೆರಕೆ, ಎಳೆಯರ ಅಭಿರುಚಿ ಕೆಡಿಸುವಂಥದ್ದು ಎಂಬುದು ಅವರ ನಿಲುವು. ಚಿತ್ರಗೀತೆಗಳ ಪಾಲನ್ನು ಕಾರ್ಯಕ್ರಮದ ವೇಳೆಯ ಶೇಕಡಾ ಹತ್ತಕ್ಕೆ ಇಳಿಸಲಾಯಿತು. ಪ್ರಸಾರಕ್ಕೆ ಮೊದಲು ಹಾಡನ್ನು ಜಾಲಿಸಿ ನೋಡುವ ವ್ಯವಸ್ಥೆ ಬಂತು. ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆಂದು ಅದನ್ನೂ ಕೈಬಿಡಲಾಯಿತು. ನಿರ್ಮಾಪಕರು ಸಿಟ್ಟಾಗಿ ಪ್ರಸಾರದ ಅನುಮತಿಯನ್ನೇ ವಾಪಸ್ ಪಡೆದರು. ಹೀಗೆ ಆಕಾಶವಾಣಿಯಿಂದ ಚಿತ್ರಗೀತೆ ಮಾಯವಾಯಿತು.

ಕೇಸ್ಕರರ ಚಿಂತನೆಯ ಇನ್ನೊಂದು ಎಳೆಯನ್ನೂ ಇಲ್ಲಿ ಹೇಳಬೇಕು. ಹಿಂದೂಸ್ತಾನಿ ಸಂಗೀತದ ಅವನತಿಗೆ ಅವರು ಬ್ರಿಟಿಷರ ಜೊತೆಗೆ ಮುಸ್ಲಿಮರನ್ನೂ ಹೊಣೆಯಾಗಿಸಿದ್ದರು. ಸಂಸ್ಕೃತ ತಿಳಿಯದ ಉಸ್ತಾದರು ಸಂಗೀತವನ್ನು ಅದರ ಧಾರ್ಮಿಕ ಬೇರಿನಿಂದ ಕಿತ್ತು ತಮ್ಮ ಘರಾಣೆಗಳ ಗುಟ್ಟಾಗಿ ಮಾಡಿಕೊಂಡರು ಎಂಬ ಅರ್ಥದ ಮಾತು ಅವರದು. ಅವರ ಖಾತೆಯ ರೇಡಿಯೋದಲ್ಲೇ ಅನೇಕ ಉಸ್ತಾದರು ಗೌರವದಿಂದ ಹಾಡುತ್ತಿದ್ದರು ಎಂಬುದೂ ನಿಜವೇ. ಮನುಷ್ಯರು ತಮ್ಮ ಸಿದ್ಧಾಂತಕ್ಕಿಂತ ಸ್ವಲ್ಪ ವಾಸಿ ಇರುತ್ತಾರೆ, ಅಷ್ಟೆ. ಆದರೆ ಕಾಲದ ವ್ಯಂಗ್ಯ ನೋಡಿ. ಅದೇ 1952ರ ಅಕ್ಟೋಬರ್‌ನಲ್ಲಿ ‘ಬೈಜು ಬಾವ್ರಾ’ ತೆರೆಗೆ ಬಂತು. ನೌಶಾದರ ಸಂಗೀತ, ಶಕೀಲ್ ಬದಾಯುನಿಯವರ ಸಾಹಿತ್ಯ, ರಫಿಯವರ ಕಂಠ. ಉಸ್ತಾದ್ ಅಮೀರ್ ಖಾನ್ ಮತ್ತು ಪಂಡಿತ್ ಡಿ.ವಿ. ಪಲುಸ್ಕರ್ ಅದಕ್ಕೆ ಹಾಡಿದ್ದರು. ರಾಗಗಳಲ್ಲೇ ನೇಯ್ದ ಹಾಡುಗಳು, ಅದರಲ್ಲೊಂದು ಹರಿದರ್ಶನಕ್ಕೆ ಹಂಬಲಿಸುವ ಭಜನೆ. ಬರೆದವರು, ರಾಗ ಹಾಕಿದವರು, ಹಾಡಿದವರು ಮೂವರೂ ಮುಸ್ಲಿಮರು. ಚಿತ್ರಗೀತೆ ಸಂಸ್ಕೃತಿಯನ್ನು ಕೆಡಿಸುತ್ತದೆ ಎಂದು ಸರಕಾರ ಬಾಗಿಲು ಹಾಕುತ್ತಿದ್ದ ಹೊತ್ತಿಗೇ ಟಾಕೀಸುಗಳಲ್ಲಿ ಜನ ಟಿಕೇಟು ಕೊಂಡು ಈ ರಾಗಗಳನ್ನು ಕೇಳುತ್ತಿದ್ದರು.

ಮುಚ್ಚಿದ ಬಾಗಿಲಿಗೆ ಪರ್ಯಾಯವಾಗಿ ಕಿಟಕಿಯೊಂದು ಸಮುದ್ರದಾಚೆ ತೆರೆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರಪಡೆಗಳು ತಮ್ಮ ಸೈನಿಕರಿಗಾಗಿ ಕೊಲಂಬೋದಲ್ಲಿ ಪ್ರಬಲ ಶಾರ್ಟ್‌ವೇವ್ ಪ್ರಸಾರ ಕೇಂದ್ರ ಸ್ಥಾಪಿಸಿದ್ದವು. ಯುದ್ಧ ಮುಗಿದು ಅದು ಸಿಲೋನ್ ಸರಕಾರದ ಕೈಗೆ ಬಂದಿತ್ತು. ಜಾಹೀರಾತು ಪಡೆಯಲು ಅಲ್ಲಿ ಅಡ್ಡಿಯಿರಲಿಲ್ಲ. ಬೊಂಬಾಯಿಯಲ್ಲಿ ಧ್ವನಿಮುದ್ರಿಸಿದ ಟೇಪುಗಳು ವಿಮಾನದಲ್ಲಿ ಕೊಲಂಬೋಗೆ ಹೋಗಿ, ಅಲ್ಲಿಂದ ಅಲೆಗಳಾಗಿ ಭಾರತಕ್ಕೆ ಮರಳುತ್ತಿದ್ದವು. ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಸಿಲೋನ್ ಕೇಳುತ್ತಾರೆ, ಹತ್ತನೆಯ ಮನೆಯ ರೇಡಿಯೋ ಕೆಟ್ಟಿದೆ ಎಂಬ ಮಾತು ಆ ಕಾಲದಲ್ಲಿ ಚಾಲ್ತಿಗೆ ಬಂತು.

1952ರ ಡಿಸೆಂಬರ್ 3ರಂದು ಆ ಕೇಂದ್ರದಿಂದ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ನಡೆಸಿಕೊಟ್ಟವರು ಇಪ್ಪತ್ತು ತುಂಬಲು ಇನ್ನೂ ಕೆಲ ದಿನಗಳಿದ್ದ ಅಮೀನ್ ಸಯಾನಿ. ಅಣ್ಣ ಹಮೀದ್ ಸಯಾನಿ ಆಗಲೇ ಇಂಗ್ಲಿಷ್ ಪ್ರಸಾರದಲ್ಲಿ ಹೆಸರು ಮಾಡಿದ್ದರು. ಈ ಹಿಂದಿ ಕೆಲಸಕ್ಕೆ ವಾರಕ್ಕೆ ಇಪ್ಪತ್ತೈದು ರೂಪಾಯಿ ಸಂಬಳ. ಅನುಭವಸ್ಥರು ಯಾರೂ ಒಪ್ಪದೆ ಅದು ಹುಡುಗನ ಪಾಲಿಗೆ ಬಂತಂತೆ. ಮೊದಲ ರೂಪದಲ್ಲಿ ಅದು ಶ್ರೇಯಾಂಕದ ಕಾರ್ಯಕ್ರಮವೂ ಆಗಿರಲಿಲ್ಲ. ಅರ್ಧ ಗಂಟೆಯಲ್ಲಿ ಏಳು ಹಾಡುಗಳನ್ನು ಕ್ರಮ ತಪ್ಪಿಸಿ ಹಾಕುವುದು, ಜನಪ್ರಿಯತೆಯ ಸರಿಯಾದ ಕ್ರಮವನ್ನು ಕೇಳುಗರು ಬರೆದು ಕಳಿಸುವುದು, ಸರಿ ಬರೆದವರಿಗೆ ನೂರು ರೂಪಾಯಿ ಬಹುಮಾನ. ನಲವತ್ತೋ ಐವತ್ತೋ ಪತ್ರಗಳನ್ನು ನಿರೀಕ್ಷಿಸಿದ್ದಲ್ಲಿ ಮೊದಲ ಸಲವೇ ಒಂಬತ್ತು ಸಾವಿರ ಬಂದವು, ವರ್ಷದೊಳಗೆ ವಾರಕ್ಕೆ ಅರವತ್ತೈದು ಸಾವಿರ ಮುಟ್ಟಿತು ಎಂದು ಸಯಾನಿ ನಂತರ ನೆನಪಿಸಿಕೊಂಡಿದ್ದಾರೆ. ಎಣಿಸಲು ಆಗದೆ ಬಹುಮಾನ ಕೈಬಿಟ್ಟು, 1954ರ ಕೊನೆಗೆ ಅದನ್ನು ಒಂದು ಗಂಟೆಯ, ಹದಿನಾರು ಹಾಡುಗಳ ಸಾಲಾಗಿ ಮಾಡಿದರು. ಹಾಡು ನಿಲ್ಲುವ ಮೆಟ್ಟಿಲಿಗೆ ಪಾಯ್ದಾನ್ ಎಂಬ ಹೆಸರು. ತುದಿಯಲ್ಲಿರುವುದು ಸರ್‌ತಾಜ್ ಗೀತೆ, ಅದಕ್ಕೆ ಬಿಗುಲಿನ ಸಲಾಮು.

ಸಯಾನಿಯವರ ಮಾತಿನ ಸೊಗಸಿಗೆ ಒಂದು ಹಿನ್ನೆಲೆಯಿದೆ. ಅವರ ತಾಯಿ ಕುಲ್ಸುಮ್ ಸಯಾನಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದವರು. ಗಾಂಧೀಜಿಯವರ ಪ್ರೇರಣೆಯಿಂದ ‘ರಹಬರ್’ ಎಂಬ ಪತ್ರಿಕೆ ನಡೆಸಿದರು. ಒಂದೇ ಸರಳ ಹಿಂದೂಸ್ತಾನಿ ಭಾಷೆ, ಆದರೆ ನಾಗರಿ, ಉರ್ದು, ಗುಜರಾತಿ ಮೂರು ಲಿಪಿಗಳು. ಹುಡುಗನಾಗಿದ್ದಾಗ ಅಮೀನ್ ಅದಕ್ಕೆ ಕೈಜೋಡಿಸಿದ್ದರು. ಹಿಂದಿಯೋ ಉರ್ದುವೋ ಎಂದು ದೇಶ ಕಿತ್ತಾಡುತ್ತಿದ್ದ ಕಾಲದಲ್ಲಿ ಯಾರಿಗೂ ಹೊರಗಿನದೆನಿಸದ ಮಾತನ್ನು ಅವರು ಅಲ್ಲಿಂದ ತಂದರು. ಸಭೆಗಳಲ್ಲಿ ‘ಭಾಯಿಯೋ ಔರ್ ಬೆಹನೋ’ ಎನ್ನುವುದು ರೂಢಿ. ಇವರು ಅದನ್ನು ತಿರುಗಿಸಿ ಅಕ್ಕತಂಗಿಯರನ್ನು ಮೊದಲಿಗೆ ತಂದರು. ನಮ್ಮ ಫೂಫಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. “ಆ ಮನೆಯಲ್ಲಿ ನನ್ನನ್ನು ಮೊದಲು ಕರೆದದ್ದು ಆ ಪೆಟ್ಟಿಗೆ ಒಂದೇ” ಎಂದು ಈಗಲೂ ಹೇಳುತ್ತಾರೆ.

ಕಾರ್ಯಕ್ರಮ ಬುಧವಾರ ರಾತ್ರಿ ಎಂಟಕ್ಕೆ. ನಮ್ಮ ದಾದಾ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬೋನಸ್ಸಿನ ದುಡ್ಡಿನಲ್ಲಿ ರೇಡಿಯೋ ತಂದಿದ್ದರೂ ಹಾಡು ಕೇಳುವುದರ ಬಗ್ಗೆ ಅವರಿಗೆ ಮನಸ್ಸಿನಲ್ಲಿ ಅಳುಕಿತ್ತು. ಖಬರ್ ಕೇಳಲು ತಂದದ್ದು ಎನ್ನುತ್ತಿದ್ದರಂತೆ. ಆದರೆ ಎಂಟರ ಹೊತ್ತಿಗೆ ಗಂಡಸರು ಇಶಾ ನಮಾಜಿಗೆ ಮಸೀದಿಗೆ ಹೋಗಿರುತ್ತಿದ್ದರು. ಅಜಾನ್ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಕೇರಿಯ ಹೆಂಗಸರು ನಮ್ಮ ಅಡುಗೆಮನೆಯಲ್ಲಿ ಸೇರುತ್ತಿದ್ದರು. ಗಂಡಸರು ಮಾತಾಡಿಕೊಂಡು ತಿರುಗಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಸರ್‌ತಾಜ್ ಗೀತೆ ಮುಗಿದಿರುತ್ತಿತ್ತು. ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಬರುತ್ತಿದ್ದ ಪ್ಲಾಸ್ಟಿಕ್ಕಿನ ಪುಟ್ಟ ಆನೆ, ಒಂಟೆಗಳನ್ನು ಫೂಫಿ ಈಗಲೂ ಒಂದು ಡಬ್ಬದಲ್ಲಿಟ್ಟಿದ್ದಾರೆ. ಮನೆಯಲ್ಲಿ ಹಲ್ಲುಜ್ಜುತ್ತಿದ್ದದ್ದು ಇದ್ದಿಲಿನಲ್ಲಿ. ಆ ಪ್ರಾಣಿಗಳು ಎಲ್ಲಿಂದ ಬಂದವೋ ಅವರನ್ನೇ ಕೇಳಬೇಕು.

ಸರಿ, ಈ ಸಾಲು ಸಿದ್ಧವಾಗುತ್ತಿದ್ದದ್ದು ಹೇಗೆ? ಮುಖ್ಯವಾಗಿ ಗ್ರಾಮೊಫೋನ್ ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕದಿಂದ. ಆದರೆ ಅಂಗಡಿಯ ಲೆಕ್ಕವನ್ನು ಕೆಡಿಸುವುದು ಕಷ್ಟವಲ್ಲ. ತಮ್ಮ ಹಾಡಿನ ರೆಕಾರ್ಡುಗಳನ್ನು ಚಿತ್ರದವರೇ ಸಗಟಾಗಿ ಕೊಳ್ಳುತ್ತಾರೆ ಎಂಬ ಆರೋಪ ಆಗಲೇ ಇತ್ತು. ಹಾಗಾಗಿ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ, ಬರುವ ಪತ್ರಗಳನ್ನೂ ಸೇರಿಸಿ ತೂಗಲಾಯಿತು. ಪತ್ರ ಎಂದರೆ ಝುಮ್ರಿ ತಿಲೈಯಾ ಊರನ್ನು ಬಿಡುವಂತಿಲ್ಲ. ಆಗಿನ ಬಿಹಾರದ, ಈಗ ಝಾರ್ಖಂಡ್‌ನಲ್ಲಿರುವ ಈ ಪಟ್ಟಣದ ಕಸುಬು ಅಭ್ರಕದ ಗಣಿ ಮತ್ತು ವ್ಯಾಪಾರ. ಹೆಸರು ರೇಡಿಯೋದಲ್ಲಿ ಬರಲೆಂದು ಅಲ್ಲಿಯವರು ಪೈಪೋಟಿಯಲ್ಲಿ ಕಾರ್ಡು ಬರೆಯುತ್ತಿದ್ದರು. ಎಷ್ಟೆಂದರೆ ಅಂಥದ್ದೊಂದು ಊರೇ ಇಲ್ಲ, ರೇಡಿಯೋದವರು ಕಟ್ಟಿದ ಹೆಸರು ಎಂದು ಹಲವರು ನಂಬಿದ್ದರು. ದಿಲ್ಲಿಯ ಮಂತ್ರಿಗಳು ಕೀಳಭಿರುಚಿ ಎಂದದ್ದನ್ನು ಕೇಳುತ್ತಿದ್ದ ಜನಕ್ಕೆ ಹದಿನೈದು ಪೈಸೆಗೂ ಕಡಿಮೆಯ ಕಾರ್ಡಿನಲ್ಲಿ ತಮ್ಮ ಅಭಿಪ್ರಾಯ ದಾಖಲಿಸುವ ಒಂದು ಜಾಗ ಸಿಕ್ಕಿತ್ತು. ಸರಕಾರವೂ ಕೊನೆಗೆ ಮಣಿಯಿತು. 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಶುರುವಾಗಿ ಆಕಾಶವಾಣಿಗೆ ಚಿತ್ರಗೀತೆ ಮರಳಿ ಬಂತು. ಕೇಸ್ಕರ್ ಆಗಲೂ ಮಂತ್ರಿಯೇ.

ಜನರ ಪಟ್ಟಿಯೆಂದು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಯೂ ಇಲ್ಲ. 1957ನ್ನೇ ನೋಡೋಣ. ‘ಪ್ಯಾಸಾ’, ‘ಮದರ್ ಇಂಡಿಯಾ’, ‘ನಯಾ ದೌರ್’, ‘ದೋ ಆಂಖೇಂ ಬಾರಹ್ ಹಾಥ್’ ಎಲ್ಲ ಬಂದ ವರ್ಷ. ಗೀತ್‌ಮಾಲಾದ ವಾರ್ಷಿಕ ಸಾಲಿನಲ್ಲಿ ಮೊದಲು ನಿಂತದ್ದು ‘ಜನಮ್ ಜನಮ್ ಕೆ ಫೇರೆ’ ಚಿತ್ರದ ಹಾಡು. ಎಸ್.ಎನ್. ತ್ರಿಪಾಠಿಯವರ ಸಂಗೀತದಲ್ಲಿ ಲತಾ ಮತ್ತು ರಫಿ ಹಾಡಿದ ಗೀತೆ. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಚಿತ್ರವನ್ನು ಇಂದು ನೆನೆಯುವವರು ಎಷ್ಟು ಮಂದಿ? ‘ಪ್ಯಾಸಾ’ಕ್ಕೆ ಸಾಹಿರ್ ಬರೆದ ಸಾಲುಗಳಾದರೋ ಆ ದಶಕದ ಆತ್ಮಸಾಕ್ಷಿಯಂತೆ ಇಂದಿಗೂ ಉಳಿದಿವೆ. ಆ ವರ್ಷದ ಜನ ತಪ್ಪಿದರು ಎನ್ನೋಣವೇ? ಪ್ರತಿ ವಾರ ಏನನ್ನು ಕೇಳಲು ಇಷ್ಟ ಎಂಬ ಪ್ರಶ್ನೆಗೆ ಅವರು ಉತ್ತರಿಸಿದ್ದರು. ಅರವತ್ತು ವರ್ಷ ಬಿಟ್ಟು ಏನು ಉಳಿಯುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

1960ರಲ್ಲಿ ಗೊಂದಲ ಇನ್ನೂ ಸ್ವಾರಸ್ಯದ್ದು. ಆ ವರ್ಷದ ಹಾಡು ಎಂದರೆ ಇಂದು ಯಾರೇ ಆದರೂ ‘ಮುಘಲ್-ಎ-ಆಝಮ್’ ಎನ್ನುತ್ತಾರೆ. ಕನ್ನಡಿಗಳ ಅರಮನೆಯಲ್ಲಿ ಅನಾರ್ಕಲಿ ಬಾದಶಹನ ಎದುರೇ ಪ್ರೀತಿಯನ್ನು ಸಾರುವ ಹಾಡನ್ನು ಮರೆತವರುಂಟೇ? ಆದರೆ ಗೀತ್‌ಮಾಲಾದ ಮೊದಲ ಪಾಯ್ದಾನ್ ‘ಬರ್ಸಾತ್ ಕೀ ರಾತ್’ ಚಿತ್ರದ, ಮಳೆಯ ರಾತ್ರಿಯ ಹಾಡಿಗೆ ಹೋಯಿತು. ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ಈ ಎರಡಕ್ಕೂ ಬಾರದೆ ‘ದಿಲ್ ಅಪ್ನಾ ಔರ್ ಪ್ರೀತ್ ಪರಾಯಿ’ಗಾಗಿ ಶಂಕರ್-ಜೈಕಿಶನ್ ಅವರಿಗೆ ಸಂದಿತು. ನೌಶಾದರು ಖಾಲಿ ಕೈ. ಹೋಗಲಿ, ಫಿಲ್ಮ್‌ಫೇರ್ ಎಂಬುದೂ 1954ರಲ್ಲಿ ಓದುಗರ ಮತಗಳಿಂದಲೇ ಶುರುವಾದ ಪ್ರಶಸ್ತಿ. ಆರಂಭದಲ್ಲಿ ಅದರಲ್ಲಿ ಹಿನ್ನೆಲೆ ಗಾಯಕರಿಗೆ ಸ್ಥಾನವೇ ಇರಲಿಲ್ಲ. ಹಾಡಿದವರಿಗೆ ಪ್ರಶಸ್ತಿಯಿಲ್ಲದ ಸಮಾರಂಭದಲ್ಲಿ ನಾನೇಕೆ ಹಾಡಲಿ ಎಂದು ಲತಾ ನಿರಾಕರಿಸಿದ ಮೇಲೆ 1959ರಲ್ಲಿ ಆ ವಿಭಾಗ ಸೇರಿತು, ಮೊದಲ ಪ್ರಶಸ್ತಿ ‘ಮಧುಮತಿ’ಯ ಹಾಡಿಗಾಗಿ ಅವರಿಗೇ ಬಂತು. ಗಂಡು ಹೆಣ್ಣು ಇಬ್ಬರಿಗೂ ಒಂದೇ ಪ್ರಶಸ್ತಿ. ಬೇರೆ ಬೇರೆಯಾಗಿ ಕೊಡತೊಡಗಿದ್ದು 1967ರ ಚಿತ್ರಗಳಿಂದ. ಹಾಡು ಬರೆದವರ ಪಾಡು ಇನ್ನೂ ಕೆಳಗೆ. ರೇಡಿಯೋದಲ್ಲಿ ಗೀತಕಾರರ ಹೆಸರನ್ನೂ ಹೇಳಬೇಕೆಂದು ಒತ್ತಾಯಿಸಿದವರಲ್ಲಿ ಸಾಹಿರ್ ಪ್ರಮುಖರು.

‘ಬರ್ಸಾತ್ ಕೀ ರಾತ್’ ಮಾತು ಬಂತಲ್ಲ, ನನ್ನ ಆಯ್ಕೆಯನ್ನೂ ಹೇಳಿಬಿಡುತ್ತೇನೆ. ನಾನು ಅಬ್ಬಾ ಪಕ್ಷವೂ ಅಲ್ಲ, ಫೂಫಿ ಪಕ್ಷವೂ ಅಲ್ಲ. ಆ ದಶಕದ ಅತ್ಯುತ್ತಮ ಹಾಡು ಆ ಚಿತ್ರದ ದೊಡ್ಡ ಕವ್ವಾಲಿ. ರೋಶನ್, ಸಾಹಿರ್ ಜೋಡಿಯದು. ರಫಿ, ಮನ್ನಾ ಡೇ, ಆಶಾ ಭೋಂಸ್ಲೆ, ಸುಧಾ ಮಲ್ಹೋತ್ರಾ, ಬಾತಿಶ್ ಹಾಡಿದ್ದಾರೆ. ಪ್ರೀತಿಗೆ ಜಾತಿ ಮತದ ಗೋಡೆಯಿಲ್ಲ ಎಂಬ ಒಂದು ಸರಳ ಮಾತನ್ನು ಹಿಡಿದು, ಅದನ್ನು ಕೃಷ್ಣನ ಮುರಳಿಯ ತನಕವೂ ಸೂಫಿಗಳ ಇಶ್ಕಿನ ತನಕವೂ ಎತ್ತಿಕೊಂಡು ಹೋಗುತ್ತದೆ. ಹತ್ತು ನಿಮಿಷಕ್ಕೂ ಹೆಚ್ಚು. ಇಲ್ಲೇ ಒಂದು ತೊಡಕಿದೆ. ಆಗಿನ 78 ವೇಗದ ಅರಗಿನ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಈ ಕವ್ವಾಲಿ ಇಡಿಯಾಗಿ ಒಂದು ತಟ್ಟೆಗೆ ಇಳಿಯುವಂಥದ್ದಲ್ಲ, ಗಂಟೆಗೆ ಹದಿನಾರು ಹಾಡು ಹಾಕುವ ಕಾರ್ಯಕ್ರಮಕ್ಕೂ ಒಗ್ಗುವಂಥದ್ದಲ್ಲ. ಮೂರು ನಿಮಿಷದ ತಕ್ಕಡಿಯಲ್ಲಿ ಅದನ್ನು ತೂಗುವುದು ಹೇಗೆ? ಉರುಸಿನಲ್ಲಿ ರಾತ್ರಿಯಿಡೀ ಕೂತು ಕವ್ವಾಲಿ ಕೇಳಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಪಟ್ಟಿಗಳು ಹಾಡನ್ನು ಆರಿಸುವ ಮೊದಲೇ ಹಾಡಿನ ಅಳತೆ ಪಟ್ಟಿಯನ್ನು ಆರಿಸಿರುತ್ತದೆ.

ಇನ್ನು ‘ಚಿತ್ರಲೇಖಾ’. ಭಗವತಿ ಚರಣ್ ವರ್ಮಾ ಅವರ ಹಿಂದಿ ಕಾದಂಬರಿಯನ್ನು 1941ರಲ್ಲಿ ಚಿತ್ರವಾಗಿಸಿದ್ದ ಕಿದಾರ್ ಶರ್ಮಾ, 1964ರಲ್ಲಿ ಮೀನಾಕುಮಾರಿಯವರನ್ನು ಹಾಕಿಕೊಂಡು ಮತ್ತೆ ತೆಗೆದರು. ಮೌರ್ಯರ ಕಾಲದ ಕಥೆ. ಹಾಗಾಗಿ ಉರ್ದು ಕವಿ ಸಾಹಿರ್ ತಮ್ಮ ಎಂದಿನ ಪದಗಳನ್ನು ಬದಿಗಿಟ್ಟು ಶುದ್ಧ ಹಿಂದಿಯ ಪದಗಳಲ್ಲಿ ಬರೆದರು. ಯಮನ್ ರಾಗದ ನೆರಳಿನಲ್ಲಿ ರೋಶನ್ ಅದನ್ನು ಕೂರಿಸಿದರು. ವಾದ್ಯಗಳ ಗದ್ದಲವಿಲ್ಲ. ನಮ್ಮ ದಾಸರು, ಶರಣರು, ತತ್ತ್ವಪದಕಾರರು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿ ಮಾತಾಡಿಸುತ್ತಾರಲ್ಲ, ಅದೇ ಜಾತಿಯ ಹಾಡು. ಶರೀಫಜ್ಜನನ್ನು ಕೇಳಿ ಬೆಳೆದ ಕನ್ನಡದವರಿಗೆ ಅದರ ದಾರಿ ಹೊಸದಲ್ಲ. ಉರ್ದು ಮೇಷ್ಟ್ರಾದ ಅಬ್ಬಾ ಒಂದೂ ಫಾರಸಿ ಪದವಿಲ್ಲದ ಹಾಡನ್ನು ಮೊದಲಿಗೆ ಏಕೆ ಇಟ್ಟರು ಎಂದು ಕೇಳಿದ್ದೆ. “ಒಬ್ಬ ಕವಿಗೆ ತನ್ನದಲ್ಲದ ಮನೆಯಲ್ಲೂ ಇಷ್ಟು ಸಲೀಸಾಗಿ ಕೂರಲು ಬರುತ್ತದೆ ಎಂದರೆ ಅವನು ಎರಡೂ ಮನೆಯವನೇ” ಎಂದಿದ್ದರು. ಆ ವರ್ಷದ ಗೀತ್‌ಮಾಲಾದ ಮೊದಲ ಸ್ಥಾನ ಮಾತ್ರ ರಾಜ್‌ಕಪೂರರ ‘ಸಂಗಮ್’ ಹಾಡಿಗೆ.

1966ಕ್ಕೆ ಬಂದರೆ ಜಗಳ ಬೀದಿಗೆ ಬೀಳುತ್ತದೆ. ಗೀತ್‌ಮಾಲಾದ ವರ್ಷದ ಮೊದಲ ಹಾಡು ‘ಸೂರಜ್’ ಚಿತ್ರದ್ದು. ಫಿಲ್ಮ್‌ಫೇರ್‌ನಲ್ಲಿ ಸಂಗೀತ, ಸಾಹಿತ್ಯ, ಗಾಯನ ಮೂರೂ ‘ಸೂರಜ್’ಗೆ. ಅದೇ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೂ ಸೇರಿದಂತೆ ಪ್ರಶಸ್ತಿಗಳನ್ನು ಬಾಚಿದ ‘ಗೈಡ್’ಗೆ ಸಂಗೀತದ ಪ್ರಶಸ್ತಿ ಮಾತ್ರ ಇಲ್ಲ. ಎಸ್.ಡಿ. ಬರ್ಮನ್ ಸಂಗೀತ, ಶೈಲೇಂದ್ರರ ಸಾಹಿತ್ಯ. ಒಂದೊಂದು ಹಾಡೂ ಪಾತ್ರದ ಮನಸ್ಸಿನಿಂದ ಎದ್ದು ಬಂದದ್ದು. ಹಿಂದಿ ಚಿತ್ರಸಂಗೀತದ ಬಗ್ಗೆ ಬರೆಯುವವರು ಇಂದಿಗೂ ಈ ತೀರ್ಪನ್ನು ಕ್ಷಮಿಸಿಲ್ಲ. ಪ್ರಶಸ್ತಿ ಕೊಳ್ಳಲಾಯಿತು ಎಂಬ ಗುಸುಗುಸುವೂ ಇದೆ. ಗುಸುಗುಸುವನ್ನು ಬಿಡೋಣ. ಸಂಗೀತದ ದೃಷ್ಟಿಯಿಂದ ‘ಗೈಡ್’ ದೊಡ್ಡದು ಎಂಬುದರಲ್ಲಿ ನನಗೂ ಸಂಶಯವಿಲ್ಲ.

ಆದರೆ ‘ಸೂರಜ್’ ಹಾಡಿಗೆ ಬೇರೊಂದು ಜೀವನವಿತ್ತು. ಅದನ್ನು ವಿಮರ್ಶಕರು ಗಮನಿಸಲಿಲ್ಲ. ಅದನ್ನು ಎತ್ತಿಕೊಂಡವರು ಮದುವೆ ಬ್ಯಾಂಡಿನವರು. ಆ ರಾಗದ ಮೊದಲ ತಿರುವು ಕ್ಲಾರಿನೆಟ್ಟಿಗೆ ಹೇಳಿ ಮಾಡಿಸಿದಂತಿದೆ, ಲಯ ನಡಿಗೆಗೆ ಒಗ್ಗುತ್ತದೆ. ಇದರಲ್ಲಿ ಬರುವುದು ಪ್ರಿಯತಮೆ, ಮದುವೆಯಲ್ಲಿ ಬರುವವನು ಗಂಡು, ಆದರೂ ಯಾರೂ ತಕರಾರು ತೆಗೆಯಲಿಲ್ಲ. ಭದ್ರಾವತಿಯಲ್ಲಿ ಹಿಂದೂ ದಿಬ್ಬಣ, ಮುಸ್ಲಿಂ ಬರಾತ್ ಎರಡಕ್ಕೂ ಒಂದೇ ಬ್ಯಾಂಡು, ಒಂದೇ ಹಾಡು. ರೆಕಾರ್ಡ್ ಕೊಳ್ಳಲು ಗತಿಯಿಲ್ಲದವರ ಅಂಗಳಕ್ಕೂ ಆ ಹಾಡು ಬಂತು. ಅದನ್ನು ಬರೆದ ಹಸ್ರತ್ ಜೈಪುರಿ ಮೊದಲು ಬೊಂಬಾಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ‘ಗೈಡ್’ ಬರೆದ ಶೈಲೇಂದ್ರ ರೈಲ್ವೆ ವರ್ಕ್‌ಶಾಪಿನ ಕೆಲಸಗಾರ. ಇಬ್ಬರೂ ಶಂಕರ್-ಜೈಕಿಶನ್ ತಂಡದಲ್ಲಿ ಜೊತೆಗೇ ದುಡಿದ ಗೆಳೆಯರು. 1966ರ ಡಿಸೆಂಬರ್‌ನಲ್ಲಿ ಶೈಲೇಂದ್ರ ತೀರಿಕೊಂಡರು. ಪಟ್ಟಿಯಲ್ಲಿ ಎದುರಾಳಿಗಳಾಗಿ ನಿಂತ ಹಾಡುಗಳ ಹಿಂದಿನ ಮನುಷ್ಯರು ಎದುರಾಳಿಗಳಾಗಿರಲಿಲ್ಲ.

ಬ್ರಿಟನ್ನಿನ ಕೇಳುಗರು 2013ರಲ್ಲಿ ಅದನ್ನೇ ಏಕೆ ಆರಿಸಿದರು ಎಂಬುದಕ್ಕೆ ನನಗೆ ತೋಚುವ ಕಾರಣವೂ ಇದೇ. ಊರು ಬಿಟ್ಟು ಹೋದವರು ಮರೆಯದ ಸದ್ದುಗಳಲ್ಲಿ ತಮ್ಮವರ ಮದುವೆಯ ಬ್ಯಾಂಡೂ ಒಂದು. ಇಂಥ ಮತದಾನಗಳನ್ನು ಪೂರಾ ನಂಬಬೇಕೆಂದು ನಾನು ಹೇಳುತ್ತಿಲ್ಲ. 2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಜಗತ್ತಿನ ಅತಿ ಮೆಚ್ಚಿನ ಹಾಡು ಯಾವುದೆಂದು ಕೇಳಿದಾಗ ಮೊದಲು ಬಂದದ್ದು ಐರಿಷ್ ರಾಷ್ಟ್ರಪ್ರೇಮದ ಹಾಡು, ಎರಡನೆಯದು ‘ಆನಂದ್ ಮಠ್’ ಚಿತ್ರದ ವಂದೇ ಮಾತರಂ, ಮೂರನೆಯದು ‘ದಿಲ್ ದಿಲ್ ಪಾಕಿಸ್ತಾನ್’. ಅಲ್ಲಿ ಎಣಿಕೆಯಾದದ್ದು ಸಂಗೀತವಂತೂ ಅಲ್ಲ. ಬಲ್ಲವರ ತೀರ್ಪಿಗೂ ಅದರದೇ ಮಿತಿಯಿದೆ. ‘ಔಟ್‌ಲುಕ್’ನ ಮೂವತ್ತು ಮಂದಿ ಹಾಡುವವರು, ಬರೆಯುವವರು, ರಾಗ ಹಾಕುವವರು. ಅವರು ಕೇಳಿದ್ದು ಕಸುಬುದಾರರ ಕಿವಿಯಿಂದ, ಈ ಕೆಲಸ ಎಷ್ಟು ಕಷ್ಟ ಎಂದು ಬಲ್ಲ ಕಿವಿಯಿಂದ. ಅವರಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಅಡುಗೆಮನೆಯಲ್ಲಿ ನಿಂತು ಕೇಳಿದವರನ್ನು ಕೇಳಬೇಕೆಂದು ಯಾರಿಗೂ ಹೊಳೆದಂತಿಲ್ಲ.

ಅಬ್ಬಾ ತೀರಿಕೊಂಡದ್ದು 2011ರಲ್ಲಿ. ಎರಡು ವರ್ಷದ ನಂತರ ಬಿಬಿಸಿ ಫಲಿತಾಂಶವನ್ನು ಫೂಫಿಗೆ ಹೇಳಿದೆ. ಕುಣಿಯುತ್ತಾರೆಂದು ತಿಳಿದಿದ್ದೆ. ಸುಮ್ಮನೆ ಕೂತರು. “ಈಗ ಗೆದ್ದು ಯಾರಿಗೆ ಹೇಳಲಿ?” ಎಂದರು. ಆಮೇಲೆ, ಅದುವರೆಗೆ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. 1966ರಲ್ಲಿ ಆ ಹಾಡು ಬೇಕೆಂದು ಅವರು ಮೂರು ಕಾರ್ಡು ಬರೆದಿದ್ದರಂತೆ. ಮನೆಯ ಹೆಣ್ಣುಮಗಳ ಹೆಸರು ರೇಡಿಯೋದಲ್ಲಿ ಬಂದರೆ ದಾದಾ ರೇಡಿಯೋವನ್ನೇ ಒಡೆದುಹಾಕುತ್ತಿದ್ದರು. ಅದಕ್ಕೆ ಮೂರರಲ್ಲೂ ಅಬ್ಬಾ ಹೆಸರು ಹಾಕಿ ಕಳಿಸಿದ್ದರು. ಜೀವಮಾನವಿಡೀ ‘ಸೂರಜ್’ ಹಾಡನ್ನು ಬ್ಯಾಂಡಿನವರ ಹಾಡು ಎಂದು ಹಂಗಿಸಿದ ಮನುಷ್ಯನ ಹೆಸರಿನಲ್ಲಿ ಅದಕ್ಕೆ ಮೂರು ಓಟು ಬಿದ್ದಿದ್ದವು.

ಗೀತ್‌ಮಾಲಾ 1989ರಲ್ಲಿ ವಿವಿಧ ಭಾರತಿಗೆ ಬಂತು. ಹೆಸರು ಅಷ್ಟರಲ್ಲಿ ಸಿಬಾಕಾ ಆಗಿತ್ತು. ನಾನು ಕೇಳಿದ್ದು ಆ ಕೊನೆಯ ವರ್ಷಗಳನ್ನು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಧ್ವನಿಯಲ್ಲಿ ಹಳೆಯ ಗೀತ್‌ಮಾಲಾದ ಸಾಲುಗಳು ‘ಕಾರವಾನ್’ ಎಂಬ ಪೆಟ್ಟಿಗೆಯಲ್ಲಿ ಈಗ ಸಿಗುತ್ತವೆ. ಮಗ ತಂದುಕೊಟ್ಟ ಆ ಪೆಟ್ಟಿಗೆ ಫೂಫಿಯ ತಲೆದಿಂಬಿನ ಪಕ್ಕ ಇರುತ್ತದೆ. ಹೋದ ತಿಂಗಳು ಹೋಗಿದ್ದಾಗ ಇಶಾ ಮುಗಿಸಿ ತಸ್ಬೀಹ್ ಪಕ್ಕಕ್ಕಿಟ್ಟು, ನನ್ನ ಕೈಗೆ ಪೆಟ್ಟಿಗೆ ಕೊಟ್ಟರು. ಗುಂಡಿಗಳು ಅವರಿಗೆ ಸರಿಯಾಗಿ ಕಾಣುವುದಿಲ್ಲ. ‘ಸೂರಜ್’ ಹುಡುಕಲೇ ಎಂದು ಕೇಳಿದೆ. “ಅದನ್ನು ಆಮೇಲೆ ಹಾಕು. ಮೊದಲು ಭಾಯಿಜಾನ್‌ದು ಹಾಕು” ಎಂದರು.